ಆರ್ಡರ್ ಆಗದಿದ್ದರೂ ಮಾರಾಟ ಎಂದು ತೋರಿಸುವ ಟ್ಯಾಗ್ ಸರಿಪಡಿಸಿ, ಕಂಟೇನರ್ ನಮ್ಮ ಕೈಗೆ ಕೊಡಿ

ನಮ್ಮ ವೆಬ್‌ಸೈಟ್ ಮತ್ತು ಜಾಹೀರಾತು ನೋಡಿಕೊಳ್ಳುವ ಏಜೆನ್ಸಿಯವರಿಗೆ,

ಸರ್, ಇಳಕಲ್‌ನ ಸೀರೆ ಅಂಗಡಿಯಿಂದ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು. ಪ್ರತಿ ಸಲ "ಚೆಕ್ ಮಾಡ್ತೀವಿ" ಅಂತೀರಿ, ಆಮೇಲೆ ಸುದ್ದಿಯೇ ಇರುವುದಿಲ್ಲ.

ನಮ್ಮ ಸೈಟಿನಲ್ಲಿ ಮಾರಾಟ ಎಣಿಸಲು ನೀವು ಹಾಕಿದ ಕೋಡ್, ಅಂದರೆ ಟ್ಯಾಗ್, ನೋಡಿ ತಿಂಗಳಿಗೊಮ್ಮೆ ಕಳಿಸುವ ರಿಪೋರ್ಟಿಗೂ ನಮ್ಮ ಆರ್ಡರ್ ಪುಸ್ತಕಕ್ಕೂ ತಾಳೆಯೇ ಬೀಳುತ್ತಿಲ್ಲ. ಒಂದೆರಡು ಹೆಚ್ಚು ಕಡಿಮೆ ಆದರೆ ನಾನೂ ಕೇಳುತ್ತಿರಲಿಲ್ಲ. ಆಡ್ ಬ್ಲಾಕರ್ ಹಾಕಿಕೊಂಡ ಗಿರಾಕಿಗಳು ಲೆಕ್ಕಕ್ಕೆ ಸಿಗುವುದಿಲ್ಲ ಎಂದು ನೀವೇ ಹೇಳಿದ್ದೀರಿ. ಹಾಗಿದ್ದರೆ ರಿಪೋರ್ಟಿನಲ್ಲಿ ಮಾರಾಟ ಕಡಿಮೆ ಕಾಣಬೇಕು, ಅಲ್ವಾ? ಇಲ್ಲಿ ಜಾಸ್ತಿ ಕಾಣುತ್ತಿದೆ.

ಕಾರಣ ಹುಡುಕಿದ್ದು ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುವ ನನ್ನ ತಂಗಿಯ ಮಗ. ಪೇಜಿನಿಂದ ಏನೇನು ಎಲ್ಲಿಗೆ ಹೋಗುತ್ತಿದೆ ಎಂದು ತೋರಿಸುವ ನೆಟ್‌ವರ್ಕ್ ಪಟ್ಟಿಯನ್ನು ಬ್ರೌಸರಿನಲ್ಲಿ ತೆರೆದಿಟ್ಟುಕೊಂಡು, ಗೋಮಿ ದಡಿಯ ದಾಳಿಂಬೆ ಬಣ್ಣದ ಒಂದು ಸೀರೆ ಆರಿಸಿ "ಖರೀದಿಸಿ" ಬಟನ್ ಒತ್ತಿದ. ಇನ್ನೂ ವಿಳಾಸ ಹಾಕಿಲ್ಲ, ದುಡ್ಡು ಕೊಟ್ಟಿಲ್ಲ, ಅಷ್ಟರಲ್ಲೇ ಸೈಟಿನ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್‌ಗೆ "ಪರ್ಚೇಸ್" ಈವೆಂಟ್, ಅಂದರೆ ಮಾರಾಟವಾಯಿತು ಎಂಬ ಸುದ್ದಿ, ಹೋಗಿಬಿಟ್ಟಿತು. ಅಂದರೆ ಟ್ರಿಗರ್ (ಟ್ಯಾಗ್ ಯಾವಾಗ ಓಡಬೇಕು ಎಂಬ ಸೂಚನೆ) ಇಟ್ಟಿರುವುದು ಬಟನ್ ಕ್ಲಿಕ್ ಮೇಲೆ. ನಿಜವಾದ ಆರ್ಡರ್ ಒಂದನ್ನು ಮಾಡಿ ನೋಡಿದರೆ ಥ್ಯಾಂಕ್ಯೂ ಪೇಜಿನಲ್ಲೂ ಇನ್ನೊಂದು ಪರ್ಚೇಸ್ ಹೋಯಿತು, ಆ ಪೇಜ್ ರಿಫ್ರೆಶ್ ಮಾಡಿದಾಗ ಮತ್ತೊಂದು. ಟ್ರಾನ್ಸಾಕ್ಷನ್ ಐಡಿ, ಅಂದರೆ ಆರ್ಡರ್ ನಂಬರ್, ಕಳಿಸಿದ್ದರೆ ಅದೇ ಆರ್ಡರ್ ಮತ್ತೆ ಬಂದಾಗ ಅನಾಲಿಟಿಕ್ಸ್ ಗುರುತು ಹಿಡಿದು ಎಣಿಸದೆ ಕೈಬಿಡುತ್ತಿತ್ತು, ಅದನ್ನೂ ನೀವು ಕಳಿಸುತ್ತಿಲ್ಲ. ಪೇಜ್ ವ್ಯೂ ಕೂಡ ಡಬಲ್. ಅನಾಲಿಟಿಕ್ಸ್ ಕೋಡ್ ಥೀಮಿನೊಳಗೆ ನೇರವಾಗಿಯೂ ಇದೆ, ಟ್ಯಾಗ್‌ಗಳನ್ನೆಲ್ಲ ಒಂದೇ ಕಡೆಯಿಂದ ನಡೆಸುವ ಟ್ಯಾಗ್ ಮ್ಯಾನೇಜರ್‌ನಲ್ಲೂ ಇದೆ.

ಇದರಿಂದ ಬರೀ ರಿಪೋರ್ಟ್ ಕೆಡಲಿಲ್ಲ. ದಾಳಿಂಬೆ ಬಣ್ಣ ಚೆನ್ನಾಗಿ ಹೋಗುತ್ತಿದೆ ಎಂದು ನಿಮ್ಮ ರಿಪೋರ್ಟ್ ಹೇಳಿದ್ದಕ್ಕೇ ನಾವು ನೇಕಾರರ ಮನೆಗಳಿಗೆ ಅದೇ ಬಣ್ಣದ ನೂಲು ಕೊಟ್ಟೆವು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನ (ಉದ್ದ ಎಳೆಗಳ) ಜೊತೆ ಸೆರಗಿನ ರೇಷ್ಮೆ ಹಾಸನ್ನು ಒಂದೊಂದೇ ಎಳೆ ಕುಣಿಕೆ ಹಾಕಿ ಸೇರಿಸಬೇಕು, ಟೋಪ್ ತೆನಿ ಅನ್ನುವುದು ಅದಕ್ಕೇ. ಒಮ್ಮೆ ಮಗ್ಗಕ್ಕೆ ಹಾಸು ಏರಿದ ಮೇಲೆ, ಈ ಬಣ್ಣ ಬೇಡ, ಬೇರೆ ನೇಯಿರಿ ಎಂದು ಹೇಳಲು ಬರುವುದಿಲ್ಲ. ಆ ಸೀರೆಗಳು ಈಗ ಕಪಾಟಿನಲ್ಲಿವೆ. ನೇಕಾರರಿಗೆ ಮಜೂರಿ ಕೊಟ್ಟಿದ್ದೇವೆ, ಕೊಡಲೇಬೇಕು, ಅವರದೇನು ತಪ್ಪು? ಜಾಹೀರಾತಿನ ದುಡ್ಡೂ ಹಾಗೇ. ಬಟನ್ ಒತ್ತಿ ಹೊರಟು ಹೋಗುವವರನ್ನೇ ಗಿರಾಕಿ ಎಂದು ತಿಳಿದು ಗೂಗಲ್ ಅಂಥವರಿಗೇ ಮತ್ತೆ ಮತ್ತೆ ಜಾಹೀರಾತು ತೋರಿಸುತ್ತಿದೆ.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಥ್ಯಾಂಕ್ಯೂ ಪೇಜಿನ ಲಿಂಕಿನಲ್ಲೇ ಗಿರಾಕಿಯ ಫೋನ್ ನಂಬರ್ ಇದೆ, ಆ ಲಿಂಕ್ ಪೂರ್ತಿಯಾಗಿ ಅನಾಲಿಟಿಕ್ಸ್‌ಗೆ ಹೋಗುತ್ತಿದೆ. ಫೋನ್ ನಂಬರ್, ಇಮೇಲ್ ಇಂಥದ್ದನ್ನು ಕಳಿಸಬಾರದು ಎಂದು ಗೂಗಲ್‌ನ ನಿಯಮವೇ ಇದೆ. ನಮ್ಮನ್ನು ನಂಬಿ ನಂಬರ್ ಕೊಟ್ಟ ಹೆಣ್ಣುಮಕ್ಕಳಿಗೆ ನಾನು ಏನು ಹೇಳಲಿ?

ಸರಿಪಡಿಸೋಣ ಎಂದರೆ ಟ್ಯಾಗ್ ಮ್ಯಾನೇಜರ್‌ನಲ್ಲಿ ನಮ್ಮ ಟ್ಯಾಗ್‌ಗಳೆಲ್ಲ ಇರುವ ಕಂಟೇನರ್ ನಿಮ್ಮ ಖಾತೆಯಲ್ಲಿದೆ, ನಮಗೆ ನೋಡುವ ಅನುಮತಿಯೂ ಇಲ್ಲ. ಬಿಲ್ಲಿನಲ್ಲಿ ಮಾತ್ರ "ಟ್ಯಾಗ್ ಮ್ಯಾನೇಜರ್ ಲೈಸೆನ್ಸ್" ಎಂದು ದುಡ್ಡು ಹಾಕುತ್ತೀರಿ. ನಮ್ಮಂಥ ಅಂಗಡಿಗಳು ಬಳಸುವ ಗೂಗಲ್ ಟ್ಯಾಗ್ ಮ್ಯಾನೇಜರ್ 2012ರಲ್ಲಿ ಬಂದಾಗಿನಿಂದಲೂ ಉಚಿತ. ನಿಮ್ಮ ಕೆಲಸಕ್ಕೆ ದುಡ್ಡು ಕೇಳಿ, ಕೊಡುತ್ತೇನೆ. ಇಲ್ಲದ ಲೈಸೆನ್ಸಿಗೆ ಕೊಡುವುದಿಲ್ಲ, ಈಗಾಗಲೇ ತೆಗೆದುಕೊಂಡಿದ್ದನ್ನು ವಾಪಸ್ ಮಾಡಿ.

ಫೋನ್ ನಂಬರ್ ಹೋಗುವುದನ್ನು ಇವತ್ತೇ ನಿಲ್ಲಿಸಿ. ಟ್ಯಾಗ್ ಸರಿಯಾಗುವವರೆಗೆ ಜಾಹೀರಾತನ್ನೂ ನಿಲ್ಲಿಸಿ. ಕಂಟೇನರನ್ನು ನಮ್ಮ ಖಾತೆಗೆ ವರ್ಗಾಯಿಸಿ, ಅಡ್ಮಿನ್ ನಾವೇ ಆಗಿರಬೇಕು. ಆರ್ಡರ್ ಖಾತ್ರಿಯಾದ ಮೇಲೆ ಮಾತ್ರ, ಆರ್ಡರ್ ನಂಬರ್ ಸಮೇತ, ಒಂದೇ ಪರ್ಚೇಸ್ ಹೋಗುವಂತೆ ಮಾಡಿ. ಅನಾಲಿಟಿಕ್ಸ್‌ನಲ್ಲಿ ಹಳೆಯ ಲೆಕ್ಕ ತಿದ್ದಲು ಬರುವುದಿಲ್ಲ, ಆದ್ದರಿಂದ ಯಾವ ತಾರೀಖಿನಿಂದ ಯಾವ ತಾರೀಖಿನವರೆಗಿನ ಅಂಕಿ ನಂಬಬಾರದು ಎಂದು ಬರೆದು ಕೊಡಿ. ಪಬ್ಲಿಶ್ ಮಾಡುವ ಮೊದಲು ಪ್ರಿವ್ಯೂ ಮೋಡ್‌ನಲ್ಲಿ ನಮ್ಮ ಎದುರೇ ಒಂದು ಆರ್ಡರ್ ಹಾಕಿ ತೋರಿಸಿ. ಶ್ರಾವಣದ ವ್ಯಾಪಾರ ಶುರುವಾಗುವ ಮೊದಲೇ ಇದು ಮುಗಿಯಬೇಕು. ಯಾವತ್ತು ಬರುತ್ತೀರಿ ಎಂದು ಈ ಪತ್ರಕ್ಕೇ ಉತ್ತರ ಬರೆಯಿರಿ, ಫೋನ್ ಬೇಡ.

ಇಂತಿ,
ಸೀರೆ ಅಂಗಡಿಯ ಮಾಲೀಕ
ಇಳಕಲ್, ಬಾಗಲಕೋಟೆ ಜಿಲ್ಲೆ