ನೀಲಿ ಹಾಕಿದ ಸುಣ್ಣದ ಬಣ್ಣ

ಪ್ರೀತಿಯ ಗೆಳೆಯಾ,

ನನ್ನ ಹಳೆ ಎಂಜಿಬಿ ಕಾರಿಗೆ ಕೆಂಪು ಹೊಡೆಸುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಫೋನಿನಲ್ಲಿ ನೀನು ಮೂರು ಸಲ ಕೇಳಿದ್ದೂ ಅದನ್ನೇ, ಮೂರು ಸಲವೂ ನಾನು ಸರಿಯಾಗಿ ಉತ್ತರ ಕೊಡದೆ ಬಿಟ್ಟದ್ದೂ ಹೌದು. ಆಗ ನನಗೇ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ, ಆದರೆ ಅದು ಹೇಗೆ ಗೊತ್ತಾಯಿತು ಅನ್ನುವುದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಹಳೆ ಗಾಡಿ ಇಟ್ಟುಕೊಂಡ ಬೇರೆಯವರಿಗೂ ಉಪಯೋಗ ಆದೀತು ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಬೇಜಾರು ಮಾಡಬೇಡ.

ಗಾಡಿ ಬಂದ ದಿನ ನೀನು ಇರಬೇಕಿತ್ತು ಮಾರಾಯ. ಮೂಡಿಗೆರೆ ಕಡೆಯ ಎಸ್ಟೇಟಿನ ಶೆಡ್ಡಿನಿಂದ ಎತ್ತಿ, ಲಾರಿಯ ಮೇಲೆ ಕಟ್ಟಿ, ಚಾರ್ಮಾಡಿ ಇಳಿಸಿ ಕಟಪಾಡಿಗೆ ತರುವಾಗ ರಾತ್ರಿ ಒಂಬತ್ತು. 1964ರ ಎಂಜಿಬಿ ರೋಡ್‌ಸ್ಟರ್, ಅಂದರೆ ಮೇಲೆ ತೆರೆದ ಕಾರು, 1798 ಸಿಸಿ, ಎರಡೇ ಸೀಟು. ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ಎಂಜಿಬಿಗಳನ್ನು ಮಾಡಿದರು, ಎಲ್ಲ ಮಾದರಿ ಸೇರಿ ಒಟ್ಟು 5 ಲಕ್ಷಕ್ಕೂ ಜಾಸ್ತಿ. ನಮ್ಮ ಅಂಗಳದಲ್ಲಿ ನಿಂತದ್ದು ಒಂದು, ನನಗೆ ಅದೇ ಸಾಕು. ಬರುವಾಗ ಅದರ ಮೈ ಕೆಂಪು ಇತ್ತು. ಯಾರೋ ಯಾವಾಗಲೋ ಹೊಡೆಸಿದ ಕೆಂಪು, ಬಿಸಿಲಿಗೆ ಮಾಸಿ, ಕೈಯಾಡಿಸಿದರೆ ಬೆರಳಿಗೆ ಪುಡಿ ಹತ್ತುತ್ತಿತ್ತು. ಮರುದಿನ ಫ್ರಿಜ್ಜಿನ ಅಯಸ್ಕಾಂತ ಹಿಡಿದು ಇಡೀ ಗಾಡಿ ಸುತ್ತಿದೆ. ಬಾಗಿಲ ಕೆಳಗಿನ ಪಟ್ಟಿಯಲ್ಲಿ ಎಷ್ಟೋ ಕಡೆ ಅದು ಹಿಡಿಯಲೇ ಇಲ್ಲ, ಒಳಗೆ ಬರೀ ಪುಟ್ಟಿ. ಬಾನೆಟ್ಟಿಗೂ ಹಿಡಿಯಲಿಲ್ಲ, ಆದರೆ ಅದು ಪುಟ್ಟಿಯಲ್ಲ, ಆ ಕಾಲದ ಎಂಜಿಬಿಗೆ ಬಾನೆಟ್ ಅಲ್ಯುಮಿನಿಯಂನದ್ದು.

ಡ್ಯಾಶ್‌ಬೋರ್ಡಿನ ಹಿಂದೆ ವೈರಿಂಗ್ ನೋಡಲು ತಲೆ ಒಳಗೆ ಹಾಕಿ ಟಾರ್ಚ್ ಬಿಟ್ಟೆ. ಅಲ್ಲಿ ಒಂದು ಅಂಗೈಯಷ್ಟು ಜಾಗದಲ್ಲಿ ಕೆಂಪು ಇಲ್ಲ. ತಿಳಿನೀಲಿ. ಬಾಗಿಲಿನ ಒಳಹೊದಿಕೆ ಬಿಚ್ಚಿದೆ, ಅಲ್ಲಿಯೂ ಅದೇ ನೀಲಿ. ಹಳೆ ಆರ್‌ಸಿ ಪುಸ್ತಕ ತೆಗೆದು ನೋಡಿದರೆ ಬಣ್ಣದ ಜಾಗದಲ್ಲಿ ಮಾಸಿದ ಶಾಯಿಯಲ್ಲಿ ನೀಲಿ ಅಂತಲೇ ಬರೆದಿದೆ. ಎಂಜಿಬಿ ಶುರುವಾದ ವರ್ಷಗಳಲ್ಲಿ ಕಾರ್ಖಾನೆಯಿಂದ ಬರುತ್ತಿದ್ದ ಬಣ್ಣಗಳಲ್ಲಿ ಐರಿಸ್ ಬ್ಲೂ ಒಂದು. ಟಾರ್ಟನ್ ರೆಡ್, ಓಲ್ಡ್ ಇಂಗ್ಲಿಷ್ ವೈಟ್ ಅದರ ಜೊತೆಯವು. ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಇಂಥ ಗಾಡಿಗಳ ಚಾಸಿ ನಂಬರ್ ನೋಡಿ, ಯಾವ ದಿನ ತಯಾರಾಯಿತು, ಯಾವ ಬಣ್ಣದಲ್ಲಿ ಹೊರಟಿತು ಅಂತ ಸರ್ಟಿಫಿಕೇಟ್ ಕೊಡುತ್ತದೆ. ಅದಕ್ಕೂ ಅರ್ಜಿ ಹಾಕಿದ್ದೇನೆ.

ಹಾಗಂತ ಅಲ್ಲೇ ತೀರ್ಮಾನ ಆಗಲಿಲ್ಲ. ಹುಟ್ಟಿದ ಬಣ್ಣ ಗೊತ್ತಾದರೂ ಅದು ಇಲ್ಲಿ, ಈ ಮಳೆಯಲ್ಲಿ, ಈ ಕೆಂಪು ಮಣ್ಣಿನ ನಡುವೆ ಹೇಗೆ ಕಾಣುತ್ತದೆ ಅಂತ ನೋಡದೆ ಹೇಗೆ ಒಪ್ಪುವುದು? ಶೇಡ್ ಕಾರ್ಡಿನಲ್ಲಿ ಬಣ್ಣ ಉಗುರಿನಷ್ಟು ಇರುತ್ತದೆ. ಅದನ್ನು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನೋಡಿ ಇಡೀ ಗಾಡಿಗೆ ಹೊಡೆಸುತ್ತೇವೆ. ಹಾಗಾಗಿ ಗುಜರಿಯಿಂದ ನಾಲ್ಕು ಹಳೆ ಮಾರುತಿ ಮಡ್‌ಗಾರ್ಡ್ ತಂದೆ. ಚಪ್ಪಟೆ ತಗಡು ಬೇಡ, ಬಾಗು ಇರಬೇಕು. ಬಾಗಿನ ಮೇಲೆ ಬೆಳಕು ಜಾರುವಾಗಲೇ ಬಣ್ಣದ ಗುಣ ಗೊತ್ತಾಗುವುದು. ನಾಲ್ಕಕ್ಕೂ ಒಂದೊಂದು ಬಣ್ಣ ಹೊಡೆಸಿ ಚಾವಡಿಯ ಎದುರು ತಂತಿ ಕಟ್ಟಿ ತೂಗಿಸಿದೆ. ಆಟಿ, ಅಂದರೆ ನಮ್ಮ ತುಳುವರ ಜಡಿಮಳೆಯ ತಿಂಗಳು, ಪೂರ್ತಿ ಅಲ್ಲೇ ಇದ್ದವು. ಬೆಳಿಗ್ಗೆ ಚಾ ಕುಡಿಯುವಾಗ, ಮಧ್ಯಾಹ್ನ, ದೀಪ ಹಚ್ಚುವ ಹೊತ್ತಿಗೆ, ರಾತ್ರಿ ಬೀದಿದೀಪದಲ್ಲಿ, ಹೀಗೆ ದಿನಕ್ಕೆ ನಾಲ್ಕು ಸಲ ನೋಡುತ್ತಿದ್ದೆ.

ನಿನ್ನ ಕೆಂಪಿನಿಂದ ಶುರು ಮಾಡುತ್ತೇನೆ. ಚಂದ ಇಲ್ಲ ಅಂತ ಅಲ್ಲ. ಆದರೆ ನಮ್ಮ ಮನೆ ಮುರಕಲ್ಲಿನದ್ದು, ಮಾಡು ಮಂಗಳೂರು ಹಂಚಿನದ್ದು, ಅಂಗಳದ ಮಣ್ಣು ಕೆಂಪು. ಆ ಕೆಂಪುಗಳ ನಡುವೆ ಈ ಕೆಂಪು ಹೋಗಿ ಸೇರಿಕೊಂಡುಬಿಟ್ಟಿತು. ಮತ್ತೆ ಮುಸ್ಸಂಜೆ ಆಗುತ್ತಿದ್ದ ಹಾಗೆ ಮೊದಲು ಕಪ್ಪಾಗುವುದು ಕೆಂಪೇ, ನೀಲಿ ಕೊನೆಯವರೆಗೆ ಉಳಿಯುತ್ತದೆ. ಅದು ನಮ್ಮ ಕಣ್ಣಿನ ಗುಣ, ಬೆಳಕು ಕಡಿಮೆ ಆದಾಗ ಕಣ್ಣು ಕೆಂಪನ್ನು ಬಿಟ್ಟು ನೀಲಿಯ ಕಡೆ ಸರಿಯುತ್ತದೆ. ಪುಸ್ತಕದಲ್ಲಿ ಓದಿದ್ದೆ, ಚಾವಡಿಯಲ್ಲಿ ಕೂತು ಕಣ್ಣಾರೆ ನೋಡಿದ್ದು ಈಗ.

ಹಸಿರು ನನ್ನ ಹೆಂಡತಿಯ ಆಯ್ಕೆ. ಬ್ರಿಟಿಷ್ ರೇಸಿಂಗ್ ಗ್ರೀನ್‌ಗೆ ಒಳ್ಳೆ ಕಥೆ ಉಂಟು. 1903ರ ಗಾರ್ಡನ್ ಬೆನೆಟ್ ರೇಸನ್ನು ಇಂಗ್ಲೆಂಡಿನ ರಸ್ತೆಗಳಲ್ಲಿ ನಡೆಸಲು ಕಾನೂನು ಬಿಡಲಿಲ್ಲ, ಐರ್ಲೆಂಡಿಗೆ ಹೋದರು, ಅಲ್ಲಿಯ ಗೌರವಕ್ಕೆ ಅಂತ ಇಂಗ್ಲಿಷ್ ಗಾಡಿಗಳಿಗೆ ಹಸಿರು ಬಳಿದರು. ಆಮೇಲೆ ಅದೇ ಅವರ ಬಣ್ಣ ಆಯಿತು. ನನಗೂ ಆಸೆ ಇತ್ತು. ಆದರೆ ಆಟಿಯಲ್ಲಿ ನಮ್ಮ ಊರು ಹೇಗಿರುತ್ತದೆ ಅಂತ ನಿನಗೆ ಗೊತ್ತುಂಟಲ್ಲ. ಗದ್ದೆ, ತೋಟ, ಕಾಂಪೌಂಡಿನ ಪಾಚಿ, ಎಲ್ಲ ಹಸಿರೇ. ಗಾಡಿಯ ಎತ್ತರ ನಾಲ್ಕು ಅಡಿ ಚಿಲ್ಲರೆ. ಆಗುಂಬೆಯ ತಿರುವಿನಲ್ಲಿ, ಮಂಜು ಮಳೆ ಇರುವಾಗ, ಎದುರಿನಿಂದ ಬರುವ ಬಸ್ಸಿನ ಡ್ರೈವರಿಗೆ ಕಾಡಿನದ್ದೇ ಬಣ್ಣದ, ಇಷ್ಟು ತಗ್ಗಿನ ಗಾಡಿ ಕಾಣಬೇಕು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುವ ಗಾಡಿ ಇದು. ಆ ಯೋಚನೆ ಬಂದ ಮೇಲೆ ಹಸಿರಿನ ಮಡ್‌ಗಾರ್ಡ್ ಕೆಳಗೆ ಇಳಿಸಿದೆ.

ಬಿಳಿ ತುಂಬಾ ದಿನ ಕಾಡಿತು. ಓಲ್ಡ್ ಇಂಗ್ಲಿಷ್ ವೈಟ್ ಅಂದರೆ ಹಾಲಿನ ಬಿಳಿ ಅಲ್ಲ, ಕುಚ್ಚಲಕ್ಕಿ ಗಂಜಿಯ ತಿಳಿಯ ಹಾಗೆ ಸ್ವಲ್ಪ ಹಳದಿ ಇರುವ ಬಿಳಿ. ಒಳಗೆ ಕೆಂಪು ಸೀಟು ಹಾಕಿದರೆ ಸುಣ್ಣದ ಗೋಡೆ, ರೆಡ್ ಆಕ್ಸೈಡ್ ನೆಲ, ನಮ್ಮ ಅಜ್ಜಿ ಮನೆಯೇ ಎದ್ದು ಬಂದ ಹಾಗೆ. ಇನ್ನೊಂದು ಎಂಜಿಬಿ ಸಿಕ್ಕಿದರೆ ಖಂಡಿತ ಹಾಗೇ ಮಾಡಿಸುತ್ತೇನೆ.

ನೀಲಿಯ ಮೇಲೆ ಮೊದಲ ಹತ್ತು ದಿನ ನನಗೆ ನಂಬಿಕೆಯೇ ಬರಲಿಲ್ಲ. ಮಳೆ ಹಿಡಿದಾಗ ಅದು ಮೋಡದ ಬಣ್ಣಕ್ಕೇ ತಿರುಗುತ್ತಿತ್ತು, ಬೂದಿ ಬೂದಿ. ಒಂದು ದಿನ ಮಧ್ಯಾಹ್ನ ಮಳೆ ನಿಂತು ಅರ್ಧ ಗಂಟೆ ಬಿಸಿಲು ಬಂತು ನೋಡು. ಮಡ್‌ಗಾರ್ಡಿನ ಮೇಲಿನ ನೀರು ಇನ್ನೂ ಇಳಿದಿರಲಿಲ್ಲ. ಆ ಬಣ್ಣ ನನಗೆ ಮೊದಲೇ ಗೊತ್ತಿತ್ತು. ದೀಪಾವಳಿಗೆ ಮುಂಚೆ ಅಜ್ಜ ಸುಣ್ಣಕ್ಕೆ ಬಟ್ಟೆಗೆ ಹಾಕುವ ನೀಲಿಯನ್ನು ಎರಡು ಹನಿ ಜಾಸ್ತಿ ಬೆರೆಸಿ ಗೋಡೆಗೆ ಬಳಿಸುತ್ತಿದ್ದರಲ್ಲ, ನೀನೂ ಒಂದು ಸಲ ಬ್ರಷ್ ಹಿಡಿದಿದ್ದೆ, ಅದೇ ಬಣ್ಣ. ಒದ್ದೆ ಇರುವಾಗ ಬೂದಿ, ಒಣಗಿ ಬಿಸಿಲು ಬಿದ್ದಾಗ ನೀಲಿ. ಸಾವಿರಾರು ಮೈಲಿ ದೂರದ ಕಾರ್ಖಾನೆಯಲ್ಲಿ ಅದನ್ನು ಐರಿಸ್ ಹೂವಿನ ಹೆಸರಿನಲ್ಲಿ ಕರೆದರು, ನಮಗೆ ಅದು ನೀಲಿ ಹಾಕಿದ ಸುಣ್ಣ. ನನಗೆ ಕಣ್ಣು ತುಂಬಿ ಬಂತು. ಅವತ್ತೇ ತೀರ್ಮಾನ ಆಯಿತು.

ಬಣ್ಣ ಮಿಕ್ಸ್ ಮಾಡಿಸಲು ಡ್ಯಾಶ್‌ಬೋರ್ಡಿನ ಹಿಂದಿನ ಒಂದು ಸಣ್ಣ ಬ್ರ್ಯಾಕೆಟ್ ಬಿಚ್ಚಿಕೊಂಡು ಹೋಗಿದ್ದೆ. ಅದನ್ನು ಹಾಗೇ ಬಣ್ಣ ಅಳೆಯುವ ಮೆಷಿನ್ನಿಗೆ ಹಿಡಿಯಬಾರದು. ಅರವತ್ತು ವರ್ಷದ ಮಬ್ಬು ಕೂತಿರುತ್ತದೆ, ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿ ಹೊಳಪು ಬರಿಸಿದ ಮೇಲೆಯೇ ನಿಜ ಬಣ್ಣ ಸಿಗುವುದು. ಪೇಂಟಿನ ಜಾತಿಯ ಬಗ್ಗೆಯೂ ಚರ್ಚೆ ಆಯಿತು. ಈಗಿನ ಗಾಡಿಗಳಿಗೆ ಬಣ್ಣದ ಮೇಲೆ ಕ್ಲಿಯರ್ ಕೋಟ್ ಹೊಡೆಯುತ್ತಾರೆ, ಗಾಜಿನ ಹಾಗೆ ಮಿಂಚುತ್ತದೆ. 1964ರಲ್ಲಿ ಅದು ಇರಲಿಲ್ಲ, ಬಣ್ಣವೇ ಹೊಳೆಯುತ್ತಿತ್ತು. ಹಾಗಾಗಿ ಕ್ಲಿಯರ್ ಬೇಡ, ಹಾರ್ಡ್‌ನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಪೇಂಟ್ ಒಂದೇ ಪದರದ್ದು ಸಾಕು ಅಂದೆ. ಈ ಹಾರ್ಡ್‌ನರಿನ ಹೊಗೆ ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ನಮ್ಮ ಕಡೆ ಮೂಗಿಗೆ ಕರವಸ್ತ್ರ ಕಟ್ಟಿ ಸ್ಪ್ರೇ ಹಿಡಿಯುವವರನ್ನು ನೋಡಿದ್ದೇನೆ. ಹೊರಗಿನಿಂದ ಗಾಳಿ ಕೊಡುವ ಮಾಸ್ಕ್ ಹಾಕದೆ ನನ್ನ ಗಾಡಿಗೆ ಗನ್ ಹಿಡಿಯುವುದು ಬೇಡ, ಖರ್ಚು ನಾನು ಕೊಡುತ್ತೇನೆ ಅಂತ ಪೇಂಟರ್ ಅಣ್ಣನಿಗೆ ಹೇಳಿದ್ದೇನೆ.

ಕೆಲಸ ಮಾತ್ರ ಮಳೆ ಪೂರ್ತಿ ಹೋದ ಮೇಲೆಯೇ. ಹಿಂದೆ ನನ್ನ ಹಳೆ ಫಿಯೆಟ್ಟನ್ನು ಒಂದು ಗ್ಯಾರೇಜಿನವರು ಜುಲೈಯಲ್ಲಿ ಪ್ರೈಮರ್ ಹೊಡೆದು ಮೂರು ವಾರ ಹೊರಗೆ ನಿಲ್ಲಿಸಿದ್ದರು, ನೆನಪುಂಟಾ? ಸಾಮಾನ್ಯ ಪ್ರೈಮರ್ ನೀರು ಹೀರುತ್ತದೆ, ಪುಟ್ಟಿ ಇನ್ನೂ ಜಾಸ್ತಿ ಹೀರುತ್ತದೆ. ಮೇಲಿನಿಂದ ಬಣ್ಣ ಹೊಡೆದು ಮುಚ್ಚಿದರೂ ಒಳಗಿನ ಪಸೆ ಮುಂದಿನ ಬೇಸಿಗೆಗೆ ಗುಳ್ಳೆ ಎಬ್ಬಿಸಿತು. ಈ ಸಲ ಬಣ್ಣ ಪೂರ್ತಿ ಕೆರೆದು, ತುಕ್ಕು ಹಿಡಿದ ತಗಡು ಕತ್ತರಿಸಿ ಹೊಸದು ವೆಲ್ಡ್ ಮಾಡಿ, ಬರಿ ಲೋಹಕ್ಕೆ ಎಪಾಕ್ಸಿ ಪ್ರೈಮರ್, ಆಮೇಲೆ ಅಗತ್ಯ ಇದ್ದಲ್ಲಿ ಮಾತ್ರ ಪುಟ್ಟಿ. ಅಲ್ಯುಮಿನಿಯಂ ಬಾನೆಟ್ಟಿಗೆ ಬೇರೆ, ಲೋಹವನ್ನು ಸ್ವಲ್ಪ ಕೊರೆದು ಹಿಡಿಯುವ ಎಚ್ (etch) ಪ್ರೈಮರ್. ಈ ಗಾಡಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಬಾಗಿಲ ಕೆಳಗಿನ ಪಟ್ಟಿ ಸರಿ ಇಲ್ಲದೆ ಮೇಲೆ ಎಂಥಾ ನೀಲಿ ಹೊಡೆದರೂ ಸುಮ್ನೆ. ಮನೆಯಿಂದ ಸಮುದ್ರಕ್ಕೆ ಎರಡು ಕಿಲೋಮೀಟರ್, ಗಾಳಿಯಲ್ಲೇ ಉಪ್ಪು ಉಂಟು.

ಇನ್ನು ಒಳಗಿನದ್ದು. ಇಲ್ಲಿ ನಾನು ಕಾರ್ಖಾನೆಯ ಮಾತು ಮೀರುತ್ತಿದ್ದೇನೆ, ನೀನು ಬೈಯಬಹುದು. ಈಗಿನ ರೆಕ್ಸಿನ್ ಕೆಳಗೆ ಹಳೆ ಕಪ್ಪು ಚರ್ಮದ ತುಂಡು ಸಿಕ್ಕಿತು. ಹಾಗಾದರೆ ಕಪ್ಪು ಚರ್ಮವೇ ಸರಿ ಅಲ್ವಾ? ಆದರೆ ಚರ್ಮದ ಒಂದು ತುಂಡನ್ನು ಆಟಿಯಲ್ಲಿ ಕಪಾಟಿನಲ್ಲಿ ಇಟ್ಟು ನೋಡಿದೆ. ಹತ್ತೇ ದಿನಕ್ಕೆ ಬೂಷ್ಟು. ಇಲ್ಲಿ ಚಪ್ಪಲಿ, ಬೆಲ್ಟು ಎಲ್ಲದರ ಗತಿಯೂ ಅದೇ. ಕಪ್ಪನ್ನು ಬಿಸಿಲಿಗೆ ಇಟ್ಟು ಮುಟ್ಟಿದರೆ ಕೈ ಸುಟ್ಟಿತು. ಮೇಲೆ ತೆರೆದ ಗಾಡಿಯಲ್ಲಿ ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಕೂರುವುದು ನಾನು, ನನ್ನ ಮಗಳು. ಮೈಯ ಬಣ್ಣ ಗಾಡಿಯದ್ದು, ಅದನ್ನು ನಾನು ಬದಲಾಯಿಸುವುದಿಲ್ಲ. ಸೀಟು ಕೂರುವವರದ್ದು. ಹಾಗಾಗಿ ಒಳ್ಳೆ ದಪ್ಪದ ರೆಕ್ಸಿನ್, ಹುರಿದ ಗೇರುಬೀಜದ ಸಿಪ್ಪೆಯ ಬಣ್ಣದ ಕಂದು. ನೀಲಿಯ ಮಡ್‌ಗಾರ್ಡಿನ ಪಕ್ಕ ಹಿಡಿದಾಗ ಎರಡೂ ಒಂದನ್ನೊಂದು ಎತ್ತಿ ತೋರಿಸಿದವು. ಡ್ಯಾಶ್‌ಬೋರ್ಡಿನ ಒರಟು ಕಪ್ಪು ಹಾಗೇ ಇರುತ್ತದೆ, ಅದನ್ನು ಮುಟ್ಟುವುದಿಲ್ಲ. ಕೆಳಗೆ ಕಾರ್ಪೆಟ್ ಅಂಟಿಸುವುದಿಲ್ಲ, ನೀರು ಹಿಡಿದುಕೊಂಡು ನೆಲದ ತಗಡನ್ನು ತಿನ್ನುತ್ತದೆ. ಎತ್ತಿ ಒಣಗಿಸಲು ಆಗುವ ಹಾಗೆ ಬಟನ್ ಹಾಕಿಸುತ್ತೇನೆ. ಮಳೆ ಬಂದರೆ ಗಾಡಿಯ ಮೇಲೆ ಎಳೆಯುವ ಬಟ್ಟೆಯ ಟಾಪಿಗೆ ಖಾಕಿ ಹಾಕಿದರೆ ಹೇಗೆ ಅಂತ ಒಂದು ಆಸೆ. ಖಾಕಿ ಬಣ್ಣ ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಹುಟ್ಟಿದ್ದು ಅಂತ ಮಂಗಳೂರಿನಲ್ಲಿ ಹೇಳುತ್ತಾರಲ್ಲ, ಅದು ಮನಸ್ಸಿನಲ್ಲಿ ಕೂತಿದೆ.

ಕಾಗದಪತ್ರದ ವಿಷಯದಲ್ಲಿ ನೀಲಿಯಿಂದ ಒಂದು ಉಪಕಾರವೂ ಆಯಿತು. ಬಣ್ಣ ಬದಲಾದರೆ ಆರ್‌ಸಿಯಲ್ಲಿ ಬರೆಸಬೇಕು. ಪುಸ್ತಕದಲ್ಲಿ ಮೊದಲೇ ನೀಲಿ ಇರುವುದರಿಂದ ಆ ಓಡಾಟ ಇಲ್ಲ. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿ ತಂದಿದೆ, ಆದರೆ ಅದರಲ್ಲಿ ದಿನನಿತ್ಯ ಓಡಿಸುವ ಹಾಗಿಲ್ಲ. ನನಗೆ ಓಡಿಸಬೇಕು, ಅದಕ್ಕೆ ಸದ್ಯ ಹಳೆ ನೋಂದಣಿಯೇ ಇರಲಿ.

ಒಂದು ಮಾತ್ರ ಬಾಕಿ ಉಂಟು, ಅದನ್ನು ನಿನಗೇ ಬಿಟ್ಟಿದ್ದೇನೆ. ಸೀಟಿನ ಅಂಚಿನ ಪೈಪಿಂಗ್, ಅಂದರೆ ಹೊಲಿಗೆಯ ಉದ್ದಕ್ಕೂ ಬರುವ ಉಬ್ಬು ಗೆರೆ. ನನ್ನ ಪ್ರಕಾರ ಅದೂ ಕಂದೇ ಇರಲಿ, ಕಣ್ಣಿಗೆ ಹೊಡೆಯುವುದು ಬೇಡ. ಹೆಂಡತಿ ಒಪ್ಪುವುದಿಲ್ಲ. "ಸೀರೆಗೆ ಅಂಚು ಯಾಕೆ ಇರುವುದು? ಹೊರಗಿನ ನೀಲಿ ಒಳಗೂ ಒಂದು ಗೆರೆ ಬರಬೇಕು" ಅನ್ನುತ್ತಾಳೆ. ಅವಳ ಮಾತಿನಲ್ಲಿ ಹುರುಳಿದೆ ಅಂತ ದಿನದಿಂದ ದಿನಕ್ಕೆ ಅನಿಸುತ್ತಿದೆ. ಎರಡೂ ತರಹದ ತುಂಡು ಹೊಲಿಸಿ ನೀಲಿ ಮಡ್‌ಗಾರ್ಡಿನ ಪಕ್ಕವೇ ತೂಗಿಸಿದ್ದೇನೆ. ದೀಪಾವಳಿಗೆ ಬರುತ್ತೀಯಲ್ಲ, ಬೆಳಿಗ್ಗೆಯೇ ತಲುಪುವ ಬಸ್ಸು ಹಿಡಿ. ಚಾವಡಿಯಲ್ಲಿ ಕೂತು ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ನೋಡು, ಆಮೇಲೆ ಹೇಳು. ಸೀಟಿನವನಿಗೆ ಅಲ್ಲಿಯವರೆಗೆ ಕತ್ತರಿ ಹಾಕಬೇಡ ಅಂದಿದ್ದೇನೆ.

ನಿನ್ನ
ಕಟಪಾಡಿಯ ಗೆಳೆಯ