ಗೈಡ್ ಆಗಿರುವ ಪುಟ್ಟಿಗೆ

ಚಿರಂಜೀವಿ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನಗೆ ಗೈಡ್‌ಶಿಪ್ ಸಿಕ್ಕಿದೆ, ಆಗಲೇ ಇಬ್ಬರು ಪಿಎಚ್.ಡಿ.ಗೆ ಸೇರಿದ್ದಾರೆ ಎಂದು ನಿನ್ನ ಅಮ್ಮ ಹೇಳಿದಳು. ತುಂಬಾ ಸಂತೋಷ ಆಯಿತು. ಯುಜಿಸಿಯ 2022ರ ನಿಯಮದ ಪ್ರಕಾರ ಅಸಿಸ್ಟೆಂಟ್ ಪ್ರೊಫೆಸರ್ 4 ಜನರನ್ನು ತಗೊಳ್ಳಬಹುದು. ಹಾಗಂತ ಉಳಿದ ಎರಡು ಸೀಟನ್ನು ಈಗಲೇ ತುಂಬಿಸಿಕೊಳ್ಳಬೇಡ. ಈ ಇಬ್ಬರ ಮೊದಲ ವರ್ಷಕ್ಕೆ ನೀನು ಪೂರ್ತಿ ಬೇಕು. ಥೀಸಿಸ್ ಬರೆಯುವಾಗ ಗೈಡ್ ಹತ್ತಿರ ಕೂತರೆ ಸಾಕು ಅಂತ ಜಾಸ್ತಿ ಜನ ತಿಳಿದಿದ್ದಾರೆ. ಕಡಲಜೀವಶಾಸ್ತ್ರದಂಥ ನಮ್ಮ ವಿಷಯದಲ್ಲಿ ಅಷ್ಟು ಹೊತ್ತಿಗೆ ಕಾಲ ಮೀರಿರುತ್ತದೆ.

ಲೆಕ್ಕ ಹಾಕಿ ನೋಡು. ಪಿಎಚ್.ಡಿ.ಗೆ ಕನಿಷ್ಠ 3 ವರ್ಷ ಅಂದರೆ ಮೂರು ಮಳೆಗಾಲ. ಮೊದಲನೆಯದು ಕೋರ್ಸ್‌ವರ್ಕ್, ವಿಷಯ ಹುಡುಕಾಟದಲ್ಲಿ ಹೋಗುತ್ತದೆ. ಕೊನೆಯದು ಬರೆಯುವುದರಲ್ಲಿ. ಕೈಗೆ ಉಳಿಯುವುದು ನಡುವಿನದೊಂದೇ. ಕಾಳಿ ನದಿ ಕಡಲು ಸೇರುವ ಅಳಿವೆಯಲ್ಲಿ ಬೇಸಿಗೆಯ ಉಪ್ಪುನೀರು ಬಹಳ ಒಳಗಿನವರೆಗೂ ಬರುತ್ತದೆ. ಜೋರು ಮಳೆ ಹಿಡಿದ ಮೇಲೆ ಅದೇ ಜಾಗದ ನೀರು ಹೆಚ್ಚುಕಡಿಮೆ ಸಿಹಿ. ಕೆಸರಿನೊಳಗಿನ ಹುಳು, ಬಳಚು ಅನ್ನುವ ಚಿಪ್ಪುಜೀವಿ ಎಲ್ಲದರ ಪಾಡು ಬದಲಾಗುವುದು ಆಗಲೇ. ಜುಲೈ ಸ್ಯಾಂಪಲ್ ತಪ್ಪಿದರೆ ಇನ್ನೊಂದು ಜುಲೈವರೆಗೆ ಕಾಯಬೇಕು. ಅದಕ್ಕೇ ಕೋರ್ಸ್‌ವರ್ಕ್ ನಡೆಯುತ್ತಿರುವಾಗಲೇ ಒಂದೆರಡು ಸಲ ಮಳೆಯಲ್ಲಿ ಕರೆದುಕೊಂಡು ಹೋಗು. ಏನು ಸಾಧ್ಯ, ಏನು ಸಾಧ್ಯವಿಲ್ಲ ಅಂತ ಅವರ ಕಾಲಿಗೇ ಗೊತ್ತಾಗಲಿ.

ಅವರು ಬರೆದು ತರುವ ಸಂಶೋಧನೆಯ ಯೋಜನೆ, ಅಂದರೆ ಸಿನಾಪ್ಸಿಸ್ ಓದುವಾಗ ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊ. 'ಪ್ರತಿ ತಿಂಗಳೂ ಬಂದರಿನಿಂದ ಬಂಗುಡೆ ತಂದು ಹೊಟ್ಟೆಯಲ್ಲಿರುವುದನ್ನು ನೋಡುತ್ತೇನೆ' ಎಂದು ಬರೆದಿರುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆ ಎರಡು ತಿಂಗಳು ನಾಡದೋಣಿಯವರ ಹತ್ತಿರ ತರೋಣ ಅಂದರೆ ಬಲೆ ಬೇರೆ, ಹಿಡಿಯುವ ಜಾಗ ಬೇರೆ, ಮೀನಿನ ಅಳತೆಯೂ ಬೇರೆ ಇರಬಹುದು. ವರ್ಷದ ಹೋಲಿಕೆಯೇ ಕೆಡುತ್ತದೆ. ಇದು ಅವರಿಗೆ ಜೂನಿನಲ್ಲಿ ಹೊಳೆಯಬಾರದು, ನಿನ್ನ ಎದುರು ಕೂತಾಗಲೇ ಹೊಳೆಯಬೇಕು.

ಇಳಿತದಲ್ಲಿ ತೆರೆದುಕೊಳ್ಳುವ ಕೆಸರು ದಿಬ್ಬದ ಕೆಲಸಕ್ಕೆ ಪ್ರತಿ ತಿಂಗಳ 10ನೇ ತಾರೀಖು ಎಂದು ಗೊತ್ತು ಮಾಡಿಕೊಳ್ಳುವವರೂ ಇದ್ದಾರೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ ಅಲ್ವಾ? ಒಂದು ತಿಂಗಳು ದಿಬ್ಬ ಪೂರ್ತಿ ತೆರೆದಿರುತ್ತದೆ, ಇನ್ನೊಂದು ತಿಂಗಳು ಅದೇ ತಾರೀಖಿಗೆ ಎದೆಮಟ್ಟ ನೀರು. ಅಮಾವಾಸ್ಯೆ ಅಥವಾ ಹುಣ್ಣಿಮೆ ಹಿಡಿದು ದಿನ ಗೊತ್ತು ಮಾಡಿಸು. ಒಬ್ಬರೇ ನೀರಿಗೆ ಇಳಿಯಬಾರದು. ಇದರಲ್ಲಿ ಮಾತ್ರ ಯಾವ ರಿಯಾಯಿತಿಯೂ ಬೇಡ.

ಮೊದಲ ಸ್ಯಾಂಪ್ಲಿಂಗಿಗೆ ನೀನೇ ಹೋಗು. ಬಾಟಲಿಯ ಲೇಬಲ್ ಹೇಗೆ ಬರೆಯುತ್ತಾರೆ ನೋಡು. ಪೆನ್ನಿನಲ್ಲಿ ಬರೆದು ಹೊರಗೆ ಅಂಟಿಸಿದ್ದರೆ ಸ್ಪಿರಿಟ್ ತಾಗಿ ಶಾಯಿ ಹರಡುತ್ತದೆ, ಚೀಟಿ ಬಿದ್ದೂ ಹೋಗುತ್ತದೆ. ಆಮೇಲೆ ಆ ಬಾಟಲಿ ಯಾವ ಊರಿನದು ಅಂತ ಯಾರಿಗೂ ಗೊತ್ತಿಲ್ಲ. ದಪ್ಪ ಟ್ರೇಸಿಂಗ್ ಪೇಪರಿನ ತುಂಡಿನ ಮೇಲೆ ಪೆನ್ಸಿಲಿನಲ್ಲಿ ದಿನಾಂಕ, ಜಾಗ, ಉಬ್ಬರವೋ ಇಳಿತವೋ ಬರೆದು ಬಾಟಲಿಯ ಒಳಗೇ ಹಾಕಿಸು. ಮುಂದೆ ಡಿಎನ್‌ಎ ನೋಡುವ ಯೋಚನೆ ಸ್ವಲ್ಪವಾದರೂ ಇದ್ದರೆ ಒಂದು ಪಾಲನ್ನು ಎಥನಾಲಿನಲ್ಲಿ ಬೇರೆಯಾಗಿ ಇಡಲಿ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಒಳ್ಳೆಯ ಡಿಎನ್‌ಎ ಸಿಗುವುದು ಬಹಳ ಕಷ್ಟ. ಇಂಥದ್ದನ್ನು ಯಾವ ವೈವಾದಲ್ಲೂ ಸರಿಪಡಿಸಲು ಆಗುವುದಿಲ್ಲ.

ಪ್ರಶ್ನೆ ಅವರದೇ ಆಗಿರಲಿ, ಆದರೆ ಅದನ್ನು ಚಿಕ್ಕದು ಮಾಡುವ ಕೆಲಸ ನಿನ್ನದು. 'ಕರ್ನಾಟಕ ಕರಾವಳಿಯ ಜೀವವೈವಿಧ್ಯ' ಅಂತ ಬರುತ್ತಾರೆ. ಸುಮಾರು 300 ಕಿ.ಮೀ. ಕರಾವಳಿ, ಒಂದು ಬಾಡಿಗೆ ದೋಣಿ! ಸುಮ್ನೆ ಬೈಯಬೇಡ. ಕುಮಟಾ ಕಡೆ ಅಘನಾಶಿನಿ ಅಳಿವೆಗೆ ಕಳಿಸು. ಅದು ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಅಂತ 2024ರಲ್ಲಿ ಘೋಷಣೆ ಆಯಿತು. ಬಳಚು ತೆಗೆಯುವವರ ಜೊತೆ ಒಂದು ಇಳಿತ ಪೂರ್ತಿ ನಿಂತು ಬರಲಿ. ಯಾವ ದಿಬ್ಬದಲ್ಲಿ ಬಳಚು ಕಡಿಮೆ ಆಯಿತು, ಯಾವಾಗಿನಿಂದ ಅಂತ ಅವರು ಹೇಳುತ್ತಾರೆ. ಒಂದು ದಿಬ್ಬ, ಒಂದು ಜಾತಿ, ಒಂದು ಕಾರಣ ಹಿಡಿದು ಕೇಳುವ ಪ್ರಶ್ನೆ ಅಲ್ಲಿಂದ ಹುಟ್ಟಿದರೆ ಹುಡುಗರಿಗೆ ಅದರ ಮೇಲೆ ಮಮತೆ ಇರುತ್ತದೆ. ಥೀಸಿಸ್ ಅರ್ಧಕ್ಕೆ ಬಿಡದಂತೆ ಹಿಡಿದಿಡುವುದು ಆ ಮಮತೆಯೇ.

ತಿಂಗಳಿಗೊಮ್ಮೆ ಫೀಲ್ಡ್ ಪುಸ್ತಕ ತರಿಸಿ ನೋಡು. ಅಧ್ಯಾಯ ಬರೆದು ತಾ, ಆಮೇಲೆ ನೋಡೋಣ ಅನ್ನಬೇಡ. ಅಧ್ಯಾಯ ಕೊಟ್ಟಾಗ ತಿಂಗಳುಗಟ್ಟಲೆ ಮೇಜಿನ ಮೇಲೆ ಇಟ್ಟುಕೊಳ್ಳಬೇಡ. ಫೆಲೋಶಿಪ್ ತಡವಾಗಿ ಬರುತ್ತಿರುತ್ತದೆ, ಮನೆಯಲ್ಲಿ ಮದುವೆಯ ಮಾತು ಎತ್ತಿರುತ್ತಾರೆ. ನೀನು ತಡ ಮಾಡುವ ಒಂದೊಂದು ವಾರವೂ ಅವರಿಗೆ ಭಾರ. ಮತ್ತೆ ಪೇಪರಿನಲ್ಲಿ ಮೊದಲ ಹೆಸರು, ಕೆಸರಿಗೆ ಇಳಿದು ಬರೆದವರದೇ ಇರಲಿ.

ಯುಗಾದಿಗೆ ಬರುವಾಗ ಇಬ್ಬರ ಸಿನಾಪ್ಸಿಸ್ ತಗೊಂಡು ಬಾ. ಮಳೆಗೆ ಮುಂಚೆ ಒಮ್ಮೆ ಕೂತು ನೋಡೋಣ.

ಇಂತಿ,
ನಿನ್ನ ದೊಡ್ಡಮ್ಮ