ಯಾರ ಜಗಲಿಯಲ್ಲಿ ಕೂರಲಿ ಅಂದೆಯಲ್ಲ

ಸಾಗರ ತಾಲ್ಲೂಕು
ಪುಷ್ಯ ಮಳೆ, ಶನಿವಾರ ಮಧ್ಯಾಹ್ನ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ, ತೋಟದ ಕೊಳೆ, ನಿನ್ನ ಅತ್ತೆಯ ಮಂಡಿನೋವು ಎಲ್ಲವನ್ನೂ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ಅದನ್ನು ಮತ್ತೆ ಬರೆಯುವುದಿಲ್ಲ. ಫೋನ್ ಮಾಡಬಹುದಿತ್ತು, ಆದರೆ ನನ್ನ ಕಿವಿಯ ಕಥೆ ನಿನಗೆ ಗೊತ್ತೇ ಇದೆ. ನೀನು ಪಿಂಚಣಿ ಅಂದರೆ ನನಗೆ ಪಂಚಾಯ್ತಿ ಅಂತ ಕೇಳುತ್ತದೆ.

ನಿನ್ನ ಪತ್ರ ಬುಧವಾರ ಬಂತು. ವರ್ಗಾವಣೆ, ಹುಡುಗನ ಎಸ್ಸೆಸ್ಸೆಲ್ಸಿ, ಬಾಡಿಗೆ ಮನೆಯ ಸೋರುವ ಬಚ್ಚಲು, ಎಲ್ಲ ಓದಿದೆ. ಮೂರನೇ ಪುಟದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯ. 'ಪಿಂಚಣಿ ಬಗ್ಗೆ ಆಫೀಸಿನಲ್ಲಿ ಇವರೆಲ್ಲ ಹೇಳೋದು ಕೇಳಿದ್ರೆ ಕೊನೆಗೆ ಕೈಗೆ ಏನೂ ಸಿಗಲ್ಲ ಮಾವ, ಮುದುಕಿ ಆದ ಮೇಲೆ ಯಾರ ಜಗಲಿಯಲ್ಲಿ ಕೂರಲಿ?' ಅಂತ. ಬರೆದು, ಮುಂದಿನ ಸಾಲಿಗೇ ಹುಡುಗನ ಸೈಕಲ್ ಪಂಕ್ಚರಿಗೆ ಹೋಗಿಬಿಟ್ಟೆ. ನಾನು ಹೋಗಲಿಲ್ಲ. ಮೂರು ದಿನದಿಂದ ಆ ಸಾಲಿನಲ್ಲೇ ಕೂತಿದ್ದೇನೆ.

ನೀನು ಸುಮ್ನೆ ಬಾಯಿಗೆ ಬಂದ ಮಾತು ಬರೆದಿರಬಹುದು. ಆದರೆ ಜಗಲಿ ಅನ್ನುವ ಮಾತು ನನಗೆ ಬೇರೆ ಥರ ತಾಗುತ್ತದೆ. ಶರಾವತಿಗೆ ಕಟ್ಟೆ ಕಟ್ಟಿದಾಗಿನ ಮುಳುಗಡೆಯಲ್ಲಿ ಮನೆ ಹೋದದ್ದು, ಸಾಮಾನು ಹೊತ್ತು ಈಚೆ ಬಂದದ್ದು ನಮ್ಮ ಮನೆಯ ಮಕ್ಕಳಿಗೆಲ್ಲ ಬಾಯಿಪಾಠ. ಒಂದು ಮಾತ್ರ ನಾವ್ಯಾರೂ ಹೇಳಿಲ್ಲ. 1964ರ ಮಳೆಗಾಲ ಪೂರ್ತಿ ನಾವು ಐದು ಜನ ಒಬ್ಬ ನೆಂಟರ ಜಗಲಿಯಲ್ಲಿ ಇದ್ದೆವು. ನನಗೆ ಆಗ 13. ನಿನ್ನಮ್ಮ ಇನ್ನೂ ಅಂಬೆಗಾಲು. ಅವರು ಕೆಟ್ಟವರಲ್ಲ, ಊಟಕ್ಕೆ ಕಡಿಮೆ ಮಾಡಲಿಲ್ಲ. ಆದರೆ ಜಗಲಿಯಲ್ಲಿ ಇರುವವರಿಗೆ ಒಳಗಿನ ಸದ್ದು ಕೇಳುತ್ತದೆ. ಪಾತ್ರೆ ಸ್ವಲ್ಪ ಜೋರಾಗಿ ಇಟ್ಟರೂ ನಮಗಾಗಿಯೇ ಇಟ್ಟರೇನೋ ಅನ್ನಿಸುತ್ತದೆ. ಇರಚಲು ಹೊಡೆದರೆ ಹಾಸಿಗೆ ಸುತ್ತಿ ಗೋಡೆಗೆ ಒರಗಿ ಕೂರುತ್ತಿದ್ದೆವು. ಅಮ್ಮ ಬಚ್ಚಲಿಗೆ ಹೋಗಬೇಕಾದರೂ ಒಳಗಿನವರೆಲ್ಲ ಮಲಗಲಿ ಅಂತ ಕಾಯುತ್ತಿದ್ದಳು. ಹಾಗಾಗಿ ನೀನು ಆ ಮಾತು ಬರೆದಾಗ ನನಗೆ ಮೊದಲು ಕಂಡದ್ದು ನಿನ್ನ ಮುಖ ಅಲ್ಲ, ನಿನ್ನ ಅಜ್ಜಿಯ ಮುಖ.

ಇನ್ನೊಂದು ವಿಷಯ, ಅಪ್ಪನ ಮರ್ಯಾದೆಗೆ ನಾನು ಇಷ್ಟು ವರ್ಷ ಮುಚ್ಚಿಟ್ಟದ್ದು. ನಾವು ಕೊನೆಯವರೆಗೂ ಏಳದೆ ಕೂತದ್ದು ಅಪ್ಪ ಸುದ್ದಿಯನ್ನು ನಂಬದೆ ಇದ್ದದ್ದಕ್ಕೆ. ಲಿಂಗನಮಕ್ಕಿಯಲ್ಲಿ ದೊಡ್ಡ ಕಟ್ಟೆ ಆಗುತ್ತಂತೆ, ನಮ್ಮ ಗದ್ದೆ ಮನೆ ಎಲ್ಲ ಹೋಗುತ್ತಂತೆ ಅಂತ ಜನ ಹೇಳುವಾಗ ಅಪ್ಪ ನಗುತ್ತಿದ್ದರು. 'ಹಿರೇಭಾಸ್ಕರದ ಕಟ್ಟೆ ಕಟ್ಟಿದಾಗಲೂ ಹಿಂಗೇ ಹೆದರಿಸಿದ್ರು, ನಮ್ಮ ಮೆಟ್ಟಿಲು ಒದ್ದೆ ಆಯ್ತಾ?' ಅನ್ನುತ್ತಿದ್ದರು. ಆಗಿರಲಿಲ್ಲ, ನಿಜ. ಆದರೆ ಸರ್ವೆಯವರು ಬಂದು ನಮ್ಮ ಮನೆಗಿಂತ ಎತ್ತರದಲ್ಲಿ, ಗುಡ್ಡದ ಮೇಲೆ, ನೀರು ಎಲ್ಲಿಯವರೆಗೆ ಬರುತ್ತದೆ ಅನ್ನುವ ಗುರುತಿಗೆ ಕಲ್ಲು ನೆಟ್ಟು ಹೋಗಿದ್ದರು. ನಾವು ಹುಡುಗರು ಆ ಕಲ್ಲಿನ ಮೇಲೆ ಕೂತು ನೇರಳೆ ಹಣ್ಣು ತಿನ್ನುತ್ತಿದ್ದೆವು. ಅಪ್ಪ ಒಂದು ದಿನ ಮೇಲೆ ಹತ್ತಿ ಆ ಕಲ್ಲು ನೋಡಿ ಬಂದಿದ್ದರೆ ಸಾಕಿತ್ತು. ಜನರ ಮಾತನ್ನು ನಂಬುವುದೂ ಬೇಡವಿತ್ತು.

ಅದರಿಂದ ನಾನು ಕಲಿತ ಪಾಠ ನೋಡು ಮಾರಾಯ್ತಿ, ಪೂರ್ತಿ ಉಲ್ಟಾ. ಸುದ್ದಿ ಅಂತ ಬಂದರೆ ನಂಬಿಬಿಡಬೇಕು, ನೀರು ಬರುವ ಮೊದಲೇ ಎದ್ದುಬಿಡಬೇಕು ಅಂತ. ಆ ಬುದ್ಧಿ 57ನೇ ವರ್ಷಕ್ಕೆ ನನ್ನನ್ನು ಎಬ್ಬಿಸಿತು.

ನಾನು 'ಆರೋಗ್ಯ ಸರಿಯಿಲ್ಲ ಅಂತ' ಸ್ವಯಂ ನಿವೃತ್ತಿ ತಗೊಂಡೆ ಅಂತಲೇ ನೀವೆಲ್ಲ ತಿಳಿದಿದ್ದೀರಿ. ಆರೋಗ್ಯಕ್ಕೆ ಏನೂ ಆಗಿರಲಿಲ್ಲ. 2007ರಲ್ಲಿ ನಮ್ಮ ಕಚೇರಿಯಲ್ಲಿ ಒಂದು ಸುದ್ದಿ ಎದ್ದಿತು. ಹೊಸ ವರ್ಷದಿಂದ ಕಮ್ಯುಟೇಶನ್ ನಿಲ್ಲಿಸ್ತಾರಂತೆ, ಗಳಿಕೆ ರಜೆಯ ದುಡ್ಡು ಅರ್ಧಕ್ಕೆ ಇಳಿಸ್ತಾರಂತೆ ಅಂತ. ಪಿಂಚಣಿಯ ಮೂರನೇ ಒಂದು ಭಾಗ ಮಾರಿದರೆ ಒಟ್ಟಿಗೆ ಬರುವ ಆ ದುಡ್ಡನ್ನು ನಾನು ಮಗಳ ಮದುವೆಗೆ ಅಂತ ಆಗಲೇ ಲೆಕ್ಕ ಹಾಕಿ ಇಟ್ಟುಕೊಂಡಿದ್ದೆ. ನಿವೃತ್ತಿಗೆ ಇನ್ನು ಒಂದು ವರ್ಷ ಚಿಲ್ಲರೆ. ಒಂದು ವರ್ಷದ ಸಂಬಳಕ್ಕಾಗಿ ಅಷ್ಟು ದುಡ್ಡು ಯಾಕೆ ಕಳೆದುಕೊಳ್ಳಲಿ ಅಂತ ಮೂರು ತಿಂಗಳ ನೋಟಿಸು ಬರೆದುಕೊಟ್ಟೆ. ಒಂದು ಆದೇಶ ಕೇಳಲಿಲ್ಲ, ಒಂದು ಸುತ್ತೋಲೆ ನೋಡಲಿಲ್ಲ. ಪಕ್ಕದ ಟೇಬಲ್ಲಿನವನು ಹೇಳಿದ, ಅಷ್ಟೇ.

ಎರಡು ತಿಂಗಳಾಗುವಾಗ ಯಾಕೋ ಅನುಮಾನ ಬಂತು. ಸೂಪರಿಂಟೆಂಡೆಂಟರು ಒಳ್ಳೆಯವರು, 'ಇನ್ನೂ ದಿನ ಇದೆ, ವಾಪಸ್ ಬೇಕಾದ್ರೆ ಬರೆದು ಕೊಡಿ' ಅಂದರು. ಬರೆದೆ ಕೂಡ. ನಾಲ್ಕು ಸಾಲು. ಅಂಗಿಯ ಜೇಬಿನಲ್ಲಿಟ್ಟುಕೊಂಡು ಕಚೇರಿಗೆ ಹೋದರೆ ಅಲ್ಲಿ ಬೀಳ್ಕೊಡುಗೆಗೆ ದುಡ್ಡು ಎತ್ತಿ ಆಗಿತ್ತು. ನನ್ನ ಟೇಬಲ್ಲಿನ ಕೆಳಗೇ ಒಂದು 5 ಲೀಟರಿನ ಕುಕ್ಕರು, ಡಬ್ಬಿ ಸಮೇತ, ಬಣ್ಣದ ಕಾಗದ ಸುತ್ತಿ ಇಟ್ಟಿದ್ದರು. ನನಗೆ ಗೊತ್ತಾಗದ ಹಾಗೆ ಅಂತ ನನ್ನ ಕಾಲ ಬುಡದಲ್ಲೇ! ನಾಚಿಕೆ ಆಯಿತು ಪುಟ್ಟಿ. ಇಷ್ಟೆಲ್ಲ ಮಾಡಿದ ಮೇಲೆ 'ನಾನು ಹೋಗಲ್ಲ' ಅನ್ನುವುದು ಹೇಗೆ? ಆ ಕಾಗದವನ್ನು ಜೇಬಿನಿಂದ ತೆಗೆಯಲೇ ಇಲ್ಲ. ನಿನ್ನ ಅತ್ತೆ ಅಂಗಿ ಒಗೆದಾಗ ಮುದ್ದೆಯಾಗಿ ಸಿಕ್ಕಿತು. ಏನಿದು ಅಂದಳು. ಬಸ್ ಟಿಕೆಟು ಅಂದೆ.

ಕಮ್ಯುಟೇಶನ್ ನಿಲ್ಲಲಿಲ್ಲ. ಗಳಿಕೆ ರಜೆಯೂ ಹಾಗೇ ಇತ್ತು. ಮಾರನೇ ವರ್ಷ, 2008ರಲ್ಲಿ, ಸರ್ಕಾರ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿತು. ಅಲ್ಲಿಗೆ ಒಂದು ವರ್ಷ ಅಂತ ಬಿಟ್ಟು ಬಂದದ್ದು ಮೂರು ವರ್ಷ ಆಯಿತು. ಸಂಬಳವೂ ಹೋಯಿತು, ಇನ್‌ಕ್ರಿಮೆಂಟುಗಳೂ ಹೋದವು, ಈಗ ಬರುವ ಪಿಂಚಣಿಯೂ ಅಷ್ಟರ ಮಟ್ಟಿಗೆ ಕಡಿಮೆಯೇ. ಸುದ್ದಿ ಹೇಳಿದನಲ್ಲ, ಅವನು ಮಾತ್ರ ಅರ್ಜಿ ಕೊಟ್ಟಿರಲಿಲ್ಲ. 60 ತುಂಬಿಸಿ ಹಾರ ಹಾಕಿಸಿಕೊಂಡು ಮನೆಗೆ ಹೋದ. ಅವನು ಬೇಕಂತ ಹೇಳಿದ ಅಂತ ನನಗೆ ಅನ್ನಿಸುವುದಿಲ್ಲ. ಅವನಿಗೂ ಹೆದರಿಕೆ ಇತ್ತು, ನಾಲ್ಕು ಜನಕ್ಕೆ ಹೇಳಿ ಹಗುರ ಮಾಡಿಕೊಂಡ. ನಾನು ಅದನ್ನು ಹೊತ್ತುಕೊಂಡೆ.

ಈಗ ನಿನ್ನ ಆಫೀಸಿನ ಮಾತಿಗೆ ಬರುತ್ತೇನೆ. ಬುದ್ಧಿ ಹೇಳುವ ಯೋಗ್ಯತೆ ನನಗೆ ಎಷ್ಟಿದೆ ಅಂತ ಮೇಲೆಯೇ ಓದಿದ್ದೀಯ. ಆದರೂ ನೀನು 'ಎನ್‌ಪಿಎಸ್ (ಸಂಬಳದಿಂದ ಹಿಡಿದು ಕಟ್ಟುವ ಹೊಸ ಪಿಂಚಣಿ) ದುಡ್ಡು ಇರುವಾಗಲೇ ಬಿಡಿಸಿಕೊಂಡು ಕೆಲಸ ಬಿಟ್ಟುಬಿಡ್ತೇವೆ ಅಂತ ಇಬ್ಬರು ಹೇಳ್ತಿದ್ದಾರೆ, ನನಗೂ ಹಾಗೇ ಅನ್ನಿಸ್ತಿದೆ' ಅಂತ ಬರೆದದ್ದಕ್ಕೆ ಇದನ್ನು ಹೇಳಲೇಬೇಕು. ಬ್ಯಾಂಕಿನಲ್ಲಿದ್ದ ನಮ್ಮ ಭಾವಮೈದನನ್ನು ಕೂರಿಸಿಕೊಂಡು ಕೇಳಿದೆ. 60 ಆಗುವ ಮೊದಲು ಬಿಟ್ಟರೆ ಆ ದುಡ್ಡು ಪೂರ್ತಿ ಕೈಗೆ ಬರುವುದಿಲ್ಲ. ತೀರಾ ಸಣ್ಣ ಮೊತ್ತ ಆದರೆ ಬೇರೆ ಮಾತು, ಇಲ್ಲದಿದ್ದರೆ ನೂರಕ್ಕೆ 80 ಭಾಗ ಆ್ಯನ್ಯುಟಿಗೆ ಹೋಗುತ್ತದೆ (ಅಂದರೆ ಅದು ತಿಂಗಳು ತಿಂಗಳು ಪಿಂಚಣಿಯಾಗಿ ಬರುವುದು), ಕೈಗೆ ಸಿಗುವುದು 20 ಮಾತ್ರ. 60 ತುಂಬಿಸಿದರೆ 60 ಭಾಗದವರೆಗೆ ಒಟ್ಟಿಗೆ ತೆಗೆಯಬಹುದು, ಉಳಿದ 40ರಿಂದ ತಿಂಗಳು ತಿಂಗಳು ಬರುತ್ತದೆ. ಅಂದರೆ ಜಗಲಿಗೆ ಹೆದರಿ ಓಡಿದರೆ ನೀನು ಹೋಗಿ ಕೂರುವುದು ಜಗಲಿಯಲ್ಲೇ. ನಾನೇ ಓಡಿದವನು, ಅದಕ್ಕೆ ಹೇಳಿದೆ.

ಯುಪಿಎಸ್ ಅನ್ನುವ ಇನ್ನೊಂದು ಪಿಂಚಣಿ ಯೋಜನೆ ಬಂದರೆ 25 ವರ್ಷ ಸೇವೆ ಆಗದವರಿಗೆಲ್ಲ ಸೊನ್ನೆ ಅಂತೆ ಅಂದಿದ್ದೀಯ. (ನಿನ್ನ ಅತ್ತೆಗೆ ಯುಪಿಎಸ್ ಅಂದರೆ ಕರೆಂಟು ಹೋದಾಗ ಕುಂಯ್ ಅನ್ನುವ ಡಬ್ಬಿ. 'ಅದಕ್ಕೂ ಪಿಂಚಣಿಯಾ?' ಅಂದಳು.) ಅದು 2025ರ ಏಪ್ರಿಲ್ 1ರಿಂದ ಕೇಂದ್ರ ಸರ್ಕಾರದ ನೌಕರರಿಗೆ ಬಂದದ್ದು, ಅದೂ ಬೇಕಾದವರಿಗೆ. ರಾಜ್ಯದವರಿಗೆ ತಾನಾಗಿ ಬರುವುದಿಲ್ಲ, ರಾಜ್ಯ ಒಪ್ಪಿ ಆದೇಶ ಮಾಡಬೇಕು. ಅದರಲ್ಲೂ 25 ವರ್ಷ ಸೇವೆ ಆದವರಿಗೆ ಕೊನೆಯ 12 ತಿಂಗಳ ಮೂಲ ವೇತನದ ಸರಾಸರಿಯಲ್ಲಿ ಅರ್ಧ. ಕಡಿಮೆ ಇದ್ದವರಿಗೆ ಅಷ್ಟಕ್ಕಷ್ಟು ಕಡಿಮೆ. 10 ವರ್ಷ ಆದವರಿಗೂ ತಿಂಗಳಿಗೆ 10,000ಕ್ಕೆ ಕಡಿಮೆ ಇಲ್ಲ. ಸೊನ್ನೆ ಎಲ್ಲಿಂದ ಬಂತು? ನೀನು ಸೇರಿದ್ದು 2012ರಲ್ಲಿ. 60 ಆಗುವಾಗ ನಿನ್ನದು 30 ವರ್ಷ ದಾಟಿರುತ್ತದೆ. ಹೆದರುವ ಭರದಲ್ಲಿ ನಿನ್ನ ಸ್ವಂತ ಲೆಕ್ಕವನ್ನೇ ಹಾಕಿಲ್ಲ ನೀನು.

ಹಾಗಂತ ಎಲ್ಲ ಸುಳ್ಳು ಅಂತ ನಗಲು ಹೇಳುವುದಿಲ್ಲ, ಅದು ಅಪ್ಪನ ದಾರಿ ಆಯಿತು. ಗಾಳಿಸುದ್ದಿಯೊಳಗೆ ಒಂದು ಕಾಳು ನಿಜ ಇದ್ದೇ ಇರುತ್ತದೆ. 2022ರಲ್ಲಿ ಭೂತಾನದ ಅಡಿಕೆಯ ಗಲಾಟೆ ನೆನಪಿದೆಯಲ್ಲ? 17 ಸಾವಿರ ಟನ್ ಹಸಿ ಅಡಿಕೆ ತರಿಸಲು ಅನುಮತಿ ಕೊಟ್ಟದ್ದು ನಿಜವೇ. ನಮ್ಮ ಪಕ್ಕದ ಮನೆಗೆ ಬರುವ ಹೊತ್ತಿಗೆ ಅದು 17 ಲಕ್ಷ ಟನ್ ಆಗಿತ್ತು. ಮೆತ್ತಿನ ಮೇಲೆ ಇಟ್ಟ ರಾಶಿ ಅಡಿಕೆಯ ಚೀಲಗಳನ್ನು ರಾತ್ರಿಯೇ ಇಳಿಸಿ ಸಿಕ್ಕಿದ ಧಾರಣೆಗೆ ಕೊಟ್ಟರು. ವ್ಯಾಪಾರಿ ಬೇಡ ಅಂದನಾ? ಟೀ ಕುಡಿದು ಚೀಲ ಎಣಿಸಿಕೊಂಡು ಹೋದ.

ಒಳ್ಳೆ ಸುದ್ದಿಯೂ ಬಂದದ್ದುಂಟು. ರಾಜ್ಯದಲ್ಲಿ ಹೊಸ ಪಿಂಚಣಿ ಶುರುವಾದ 2006ರ ಏಪ್ರಿಲ್ 1ಕ್ಕೆ ಮೊದಲೇ ನೇಮಕಾತಿಗೆ ಕರೆದು, ಆಮೇಲೆ ಕೆಲಸಕ್ಕೆ ಸೇರಿದ ಸುಮಾರು 13 ಸಾವಿರ ಜನರಿಗೆ 2024ರ ಜನವರಿಯಲ್ಲಿ ಹಳೆ ಪಿಂಚಣಿ ಸಿಕ್ಕಿತು. ಅದೂ ವರ್ಷಗಟ್ಟಲೆ 'ಆಗುತ್ತಂತೆ' ಅಂತಲೇ ಇತ್ತು. ನಿನಗೆ ಅದು ಸೇರುವುದಿಲ್ಲ, ಗೊತ್ತು. ಹಳೆ ಪಿಂಚಣಿ ಬೇಕು ಅಂತ ನೀವೆಲ್ಲ 2022ರ ಡಿಸೆಂಬರಿನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಧರಣಿಗೆ ಹೋದಾಗ ನಾನು 'ಇದೆಲ್ಲ ಯಾಕೆ' ಅಂದಿದ್ದೆ. ಆ ಮಾತು ಆಡಬಾರದಿತ್ತು. ಹಳೆ ಪಿಂಚಣಿ ತಿನ್ನುತ್ತಾ ಕೂತವನು ಆ ಮಾತು ಆಡುವುದು ಸುಲಭ.

ಇಷ್ಟು ಮಾಡು, ಆಗದಿದ್ದರೆ ಬಿಡು. ನಿನ್ನ ಪ್ರಾನ್ ಖಾತೆಯ, ಅಂದರೆ ಆ ಹೊಸ ಪಿಂಚಣಿ ಖಾತೆಯ, ಸ್ಟೇಟ್‌ಮೆಂಟ್ ತೆಗೆದು, ಸಂಬಳದ ಚೀಟಿ ಪಕ್ಕದಲ್ಲಿಟ್ಟು ನೋಡು. ನಿನ್ನ ನೂರಕ್ಕೆ 10, ಸರ್ಕಾರದ 14, ಪ್ರತಿ ತಿಂಗಳೂ ಬಿದ್ದಿದೆಯಾ ಅಂತ. ಮೂಲ ವೇತನ, ತುಟ್ಟಿಭತ್ಯೆ ಸೇರಿ 60,000 ಇದ್ದರೆ ನಿನ್ನದು 6,000, ಅವರದು 8,400. ಯಾವುದಾದರೂ ತಿಂಗಳು ಖಾಲಿ ಇದ್ದರೆ ಹೆದರಬೇಕಾದದ್ದು ಅದಕ್ಕೆ. ಆಮೇಲೆ ನಾಮಿನಿ. ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೆ ಆ ಜಾಗದಲ್ಲಿ ಇನ್ನೂ ಈಗಿಲ್ಲದ ಭಾವನ ಹೆಸರೇ ಇರಬಹುದು ಅಲ್ವಾ? ಹುಡುಗನ ಹೆಸರು ಹಾಕಿಸು. ಕೆಜಿಐಡಿ (ಸರ್ಕಾರಿ ನೌಕರರ ವಿಮೆ) ಬಾಂಡುಗಳಲ್ಲೂ ನೋಡು. ಇನ್ನು ಯಾರಾದರೂ ಸುದ್ದಿ ಹೇಳಿದರೆ ಆದೇಶದ ನಂಬರು, ತಾರೀಕು ಕೇಳು. ಜಗಳಕ್ಕೆ ಅಲ್ಲ, ಸುಮ್ನೆ ಕೇಳು. ಹಾಗೆ ಕೇಳುವ ಬಾಯಿ ನನಗಿರಲಿಲ್ಲ.

ಹೋದ ವಾರ ಲಿಂಗನಮಕ್ಕಿ ಹಿನ್ನೀರಿನ ಹೊಸ ಸೇತುವೆಯ ಮೇಲೆ ಸಿಗಂದೂರಿಗೆ ಹೋಗಿ ಬಂದೆವು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸೇತುವೆ ಆಗುತ್ತಂತೆ ಅಂತ ನಾನು ಎಷ್ಟು ವರ್ಷದಿಂದ ಕೇಳಿದ್ದೆ, ನಗುತ್ತಲೇ ಇದ್ದೆ. 2025ರ ಜುಲೈ 14ಕ್ಕೆ ಉದ್ಘಾಟನೆ ಆಗಿಯೇ ಹೋಯಿತು. ನಡುವೆ ಕಾರು ನಿಲ್ಲಿಸಬಾರದಂತೆ, ಆದರೂ ನಿಧಾನ ಮಾಡಿಸಿದೆ. ಕೆಳಗೆ ಕೆಂಪು ನೀರು ತುಂಬಿ ಬರುತ್ತಿತ್ತು. ನಮ್ಮ ಸ್ವಂತ ಜಗಲಿ ಅದರ ಕೆಳಗೆ ಎಲ್ಲೋ ಇದೆ. ಯಾವ ಕಡೆ ಅಂತ ಬೆರಳು ತೋರಿಸಲು ಹೋದೆ, ಗೊತ್ತಾಗಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದು ಹಿರೇಭಾಸ್ಕರದ ಹಳೆ ಕಟ್ಟೆ ಮೇಲೆದ್ದರೆ ಆ ಗುರುತಿನ ಮೇಲೆ ಹೇಳಬಲ್ಲೆ.

ನಿನ್ನ ಪ್ರಶ್ನೆಗೆ ಉತ್ತರ ಕೊಟ್ಟೆನೋ ಇಲ್ಲವೋ. ಈ ಮನೆಯ ಜಗಲಿ ನಿನ್ನದೇ ಅಂತ ಬರೆದರೆ ನಿನಗೆ ಸಮಾಧಾನ ಆಗುವುದಿಲ್ಲ, ನನಗೆ ಗೊತ್ತು. ನಮಗೂ ಆ ನೆಂಟರು ಅದನ್ನೇ ಹೇಳಿದ್ದರು. ನಿನಗೆ ನಿನ್ನದೇ ಜಗಲಿ ಬೇಕು. ಆ ಸ್ಟೇಟ್‌ಮೆಂಟ್ ತೆಗೆದುಕೊಂಡು ಚೌತಿಗೆ ಬಾ, ಇಬ್ಬರೂ ಕೂತು ಲೆಕ್ಕ ಹಾಕೋಣ. ಕನ್ನಡಕ ಹೊಸದು ಮಾಡಿಸಿದ್ದೇನೆ. ಅಲ್ಲಿಯವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡ.

ಬರುವಾಗ ಗಾಂಧಿಬಜಾರಿನಲ್ಲಿ 5 ಲೀಟರ್ ಕುಕ್ಕರಿನ ಗ್ಯಾಸ್ಕೆಟ್ ಒಂದು ತಾ. ನಿನ್ನ ಅತ್ತೆ ಇನ್ನೂ ಅದರಲ್ಲೇ ಅನ್ನ ಮಾಡುವುದು.

ಇಂತಿ,
ನಿನ್ನ ಮಾವ